ಪುಟ್ಟಪ್ಪನ ಮುಖದ ಬಣ್ಣ

ಶೃಂಗೇರಿ ಬಸ್‌ಸ್ಟ್ಯಾಂಡಿನ ಹಿಂದೆ ಪುಟ್ಟ ಸ್ಟುಡಿಯೊ ನಡೆಸುವ ಅನಿತಾಳದು ಕೂತಲ್ಲಿ ಕೂರದ ಜೀವ. ಅನ್ನ ಕುದಿ ಬರುವ ಮೊದಲೇ ಗ್ಯಾಸ್ ತಗ್ಗಿಸುವವಳು, ಹಳೇ ಲ್ಯಾಪ್‌ಟಾಪನ್ನು ತೆರೆದ ಕೂಡಲೇ ಬ್ಯಾಟರಿ ಸೇವರ್ ಹಾಕಿಬಿಡುತ್ತಾಳೆ. ಪರದೆ ಮಂಕಾದರೂ ಸರಿ, ಕೆಲಸದ ನಡುವೆ ಆರಿಹೋಗದಿದ್ದರೆ ಸಾಕು. ಯಾರೂ ಹೇಳಿಕೊಟ್ಟದ್ದಲ್ಲ, ಫೋನಿನಲ್ಲಿ ವಿಡಿಯೊ ನೋಡಿನೋಡಿ ಕಲಿತ ಕೆಲಸ.

ಅವತ್ತು ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಕೆರೆಕಟ್ಟೆಯ ತುಂಗಮ್ಮ ಎದುರಿಗೆ ಕೂತಿದ್ದಳು. ತೋಟದ ಕೂಲಿಗೆ ಹೋಗುತ್ತಿದ್ದ ಗಂಡ ಪುಟ್ಟಪ್ಪ ತೀರಿಕೊಂಡಿದ್ದ; ನಾಳೆ ಉತ್ತರಕ್ರಿಯೆ. ಅವನದೆಂದು ಇದ್ದದ್ದು ಒಂದೇ ಫೋಟೊ, ಯಾರದೋ ಮದುವೆಯ ಗುಂಪಿನಲ್ಲಿ ಮೂಲೆಗೆ ನಿಂತದ್ದು. ಆ ಮುಖವನ್ನು ದೊಡ್ಡದು ಮಾಡಿ ಪಟ ಮಾಡಿಕೊಡಬೇಕು. ಮಧ್ಯಾಹ್ನದ ಬಸ್ಸು ತಪ್ಪಿದರೆ ಇವತ್ತು ಊರು ಸೇರುವಂತಿಲ್ಲ.

ಪರದೆಯಲ್ಲಿ ಮುಖ ಮಬ್ಬಾಗಿತ್ತು. ಅನಿತಾ ಹಣೆ ಬೆಳಗಿಸಿದಳು, ಕೆನ್ನೆ ಬೆಳಗಿಸಿದಳು, ಸಾಲದೆಂದು ಇನ್ನಷ್ಟು. ಕಣ್ಣೆಲ್ಲ ಬ್ಯಾಟರಿಯ ಗುರುತಿನ ಮೇಲೆ. ಅಷ್ಟರಲ್ಲಿ ಕರೆಂಟು ಬಂತು. ಮತ್ತೆ ಎಲ್ಲಿ ಹೋಗುತ್ತದೋ ಎಂದು ಚಾರ್ಜರನ್ನೂ ಚುಚ್ಚದೆ ಪ್ರಿಂಟ್ ಕೊಟ್ಟಳು. ಕಾಗದ ಕೈಗೆ ಬಂತು, ಕರೆಂಟು ಹೋಯಿತು.

ಪಕ್ಕದ ಗಾಜು, ಫ್ರೇಮಿನ ಅಂಗಡಿಯ ಇಸ್ರಾರ್ ಇಣುಕಿದ. “ಇದೆಂತ ಅನಿತಕ್ಕ, ಪೌಡರ್ ಬಳಿದಿದೀರಲ್ಲ! ಮದುಮಗನ್ನ ಮಾಡ್ಬಿಟ್ರಿ ಮಾರಾಯ್ತಿ!”

ತುಂಗಮ್ಮ ನಗಲಿಲ್ಲ. “ಇವ್ರಲ್ಲ ಇದು. ನಾಳೆ ಎಲ್ಲ ಕೈ ಮುಗಿಯೋದು ಯಾರಿಗೆ ಹಂಗಾರೆ?”

ಅನಿತಾ ಕಾಗದವನ್ನು ಪರದೆಯ ಪಕ್ಕ ಹಿಡಿದು ನೋಡಿದಳು. ಸೇವರ್ ತೆಗೆದಳು. ಪರದೆ ಝಗ್ಗನೆ ಬೆಳಗಿತು, ಮುಖ ಅಕ್ಕಿಹಿಟ್ಟಿನಂತಿತ್ತು. ಮಂಕಾಗಿದ್ದದ್ದು ಪರದೆ, ತಾನು ತಿದ್ದಿದ್ದು ಮುಖವನ್ನು. ಮಾಡಿದ್ದನ್ನೆಲ್ಲ ಅಳಿಸಿದಳು. ಬ್ಯಾಟರಿ ತಳ ಕಂಡಿತ್ತು. ಆದರೂ ಈ ಬೆಳಕನ್ನು ತಗ್ಗಿಸುವ ಹಾಗಿಲ್ಲ.

“ಹೇಳಿ ತುಂಗಕ್ಕ, ಹೆಂಗಿದ್ರು?”

“ಕಪ್ಪೇ. ತೋಟದಲ್ಲಿ ಯಾವಾಗ್ಲೂ ಅಡಿಕೆ ಹಾಳೆಟೋಪಿ ಇಡ್ತಿದ್ರಲ್ಲ, ಹಣೆ ಮೇಲ್ಗಡೆ ಮಾತ್ರ ಒಂಚೂರು ಬೆಳ್ಳಗೆ.”

“ಇಷ್ಟು?”

“ಅಷ್ಟೆಲ್ಲ ಇಲ್ಲ. ಕೆನ್ನೆ ಇನ್ನೂ ಕಪ್ಪು ಮಾಡು. ಹಾಂ… ತಡಿ ಮಾರಾಯ್ತಿ, ಮುಟ್ಬೇಡ. ಈಗ ನನ್ನೇ ನೋಡ್ತಿದಾರೆ.”

ಅನಿತಾ ಸೇವ್ ಒತ್ತಿದಳು. ಒತ್ತುತ್ತಿದ್ದಂತೆ ಪರದೆ ಕಪ್ಪಾಯಿತು. ಉಳಿಯಿತೋ ಹೋಯಿತೋ ತಿಳಿಯದು. ಶಾರದಮ್ಮನ ಹೆಸರು ಹೇಳುತ್ತ ಬಾಗಿಲಿಗೂ ಮೇಜಿಗೂ ಸುತ್ತಿದಳು. ಬಸ್ಸು ಸ್ಟಾರ್ಟಾದ ಸದ್ದು ಕೇಳಿ ಇಸ್ರಾರ್ ಡ್ರೈವರನ ಹತ್ತಿರ ಓಡಿದ: “ಯೋಗೇಶಣ್ಣ, ತಡೀರಿ, ಹತ್ತೋರಿದಾರೆ!”

ಫ್ಯಾನು ತಿರುಗಿತು, ಕರೆಂಟು ಬಂದಿತ್ತು. ಅನಿತಾ ಈ ಸಲ ಮೊದಲು ಚಾರ್ಜರ್ ಚುಚ್ಚಿದಳು. ಲ್ಯಾಪ್‌ಟಾಪು ನಿಧಾನಕ್ಕೆ ಕಣ್ಣು ಬಿಟ್ಟಿತು. ಪುಟ್ಟಪ್ಪ ಅಲ್ಲೇ ಇದ್ದ. ಪ್ರಿಂಟು ಬಂದದ್ದೇ ತಡ, ಓಡಿ ಬಂದ ಇಸ್ರಾರ್ ಏದುಸಿರು ಬಿಡುತ್ತಲೇ ಫ್ರೇಮಿಗೆ ಮೊಳೆ ಒತ್ತಿದ.

ತುಂಗಮ್ಮ ಸೆರಗಿನಿಂದ ಗಾಜು ಒರೆಸಿದಳು. ಮುಖ ಹೊರಗೆ ಕಾಣುವಂತೆ ಪಟವನ್ನು ಎದೆಗೆ ಆನಿಸಿಕೊಂಡು ಎದ್ದಳು.

“ನಡೀರಿ” ಅಂದಳು ಪಟದತ್ತ ಬಗ್ಗಿ, “ಬಸ್ಸು ಕಾಯ್ತಿದೆ.”