ಒಬ್ಬರೇ ಇದ್ದರಂತೆ

ಕುಣಿಗಲ್ಲಿನ ನನ್ನ ಸೋದರತ್ತೆಯನ್ನು ಕಡಲ ದಂಡೆಯ ಆ ಹಳೇ ಗೆಸ್ಟ್‌ಹೌಸಿಗೆ ಕರೆದುಕೊಂಡು ಹೋಗಿದ್ದೆ. ತೀರಿಹೋದ ಮಾವ ತಮ್ಮ ಹೆಸರಾಂತ ಕಾದಂಬರಿ ಬರೆದದ್ದು ಅಲ್ಲೇ. ನಾವು ಯಾರೆಂದು ತಿಳಿಯದ ಮ್ಯಾನೇಜರ್ ಕೋಣೆ ತೋರಿಸುತ್ತಾ, "ಸಂಸಾರ ಬಿಟ್ಟು ಒಬ್ಬರೇ ಇದ್ದು ಬರೆದದ್ದು. ತಪಸ್ಸೇ ಅದು" ಎಂದರು.

"ಒಬ್ರೇನಾ?" ಅಂದರು ಅತ್ತೆ. "ಮತ್ತೆ ಮುದ್ದೆ ಯಾರು ತಿರುವ್ತಿದ್ರಂತೆ? ನಾನ್ ಅವ್ರ ಹೆಂಡ್ತಿ ಕಣಪ್ಪ. ಇದೇ ಕೋಣೇಲಿ ನನ್ ಮಗು ಕಳ್ಕೊಂಡೆ. ಅವತ್ತೂ ಬರೀತಾನೇ ಇದ್ರು."

ಮ್ಯಾನೇಜರ್ ತಬ್ಬಿಬ್ಬಾದರು. ಆಮೇಲೆ ಓಡಿಹೋಗಿ ರೀಲ್ ಕ್ಯಾಮೆರಾ ತಂದು, "ಅಮ್ಮಾ, ಒಂದು ಫೋಟೋ" ಅಂದರು. ಅತ್ತೆ ಸೆರಗು ಸರಿಮಾಡಿಕೊಂಡು ನಿಂತರು.

"ಸ್ವಲ್ಪ ಆಚೆ ನಿಲ್ಲಿ ಅಮ್ಮಾ, ಸರ್ ಬರೆದ ಮೇಜು ಮರೆಯಾಗ್ತದೆ."

ಅತ್ತೆ ಸರಿದರು. ದೊಡ್ಡ ಲೇಖಕರ ಜೊತೆ ಬಾಳಿದವರಿಗೆ ಸರಿದು ನಿಲ್ಲುವುದೇನೂ ಹೊಸದಲ್ಲವಲ್ಲ.