ಮರ್ದಾನಸಾಬರ ಅಂಗೈ

ಮುಂಡರಗಿಯಲ್ಲಿ ನಲವತ್ತು ವರ್ಷ ಲಾರಿ ಓಡಿಸಿದ ಮರ್ದಾನಸಾಬರು ಕಣ್ಣಿಗೆ ಪೊರೆ ಬಂದು ಸ್ಟೇರಿಂಗ್ ಬಿಟ್ಟಿದ್ದರು. ರವಿವಾರ ನಮ್ಮ ಕಾರು ತೊಳೆಯುವುದೊಂದೇ ಅವರಿಗೆ ಉಳಿದ ಕೆಲಸ. ನಮ್ಮ ಬೋರಿನ ನೀರು ಸವಳು. ಬಿಸಿಲಿಗೆ ತಾನೇ ಆರಲು ಬಿಟ್ಟರೆ ಬಿಳಿ ಕಲೆ ಏಳುತ್ತದೆ. ಅದಕ್ಕೇ ಅವರು ಹೆಂಡತಿ ದಿಲಶಾದಬಿಯ ಹಳೆಯ ನೂಲಿನ ಸೀರೆಯಿಂದ ಒರೆಸುತ್ತಿದ್ದರು.

ಈಚೆಗೆ ಹಿಂದಿನ ಗಾಜಿನ ಮೇಲೆ ಕಲೆ ಉಳಿಯತೊಡಗಿತು. "ಇನ್ನೊಮ್ಮೆ ಹಿಂಗಾದ್ರ ಮಷಿನ್ ವಾಶಿಗೆ ಕೊಡೂಣು" ಎಂದರು ನಮ್ಮ ಯಜಮಾನರು. ಸಾಬರಿಗೆ ಉಳಿದ ಆ ಒಂದು ಕೆಲಸವೂ ಹೋದೀತಲ್ಲ ಎಂದುಕೊಂಡೆ. ಮುಂದಿನ ರವಿವಾರ ಸಾಬರು ಬಕೆಟ್ ಇಡಲು ಹಿತ್ತಲಿಗೆ ಹೋದಾಗ, ಆಗಷ್ಟೇ ಸ್ನಾನ ಮಾಡಿಸಿ ಸೊಂಟದ ಮೇಲೆ ಎತ್ತಿಕೊಂಡಿದ್ದ ಮಗಳಿಗೆ ತಂಡಿಯಾದೀತೆಂದು ಹೆದರುತ್ತಲೇ, ಅವಳಿಗೆ ಸುತ್ತಿದ್ದ ಟವೆಲಿನಿಂದ ಗಾಜು ಒರೆಸಿಬಿಟ್ಟೆ.

ಸಾಬರು ಬಂದು ಗಾಜಿನ ಮೇಲೆ ಅಂಗೈ ಆಡಿಸಿದರು.

"ಬಾಯಾರ, ಟವೆಲಿನ ಎಳಿ ಅಂಟ್ಯಾವಲ್ರಿ. ನೀವು ಒರಸೀರೇನು?"

ನಾನು ಹೌದೆಂದು ಒಪ್ಪಿಕೊಂಡೆ.

"ಗಾಜಿನ ಮ್ಯಾಲಿನ ಕಲಿ ನನಗ ಕಾಣೂದಿಲ್ಲ, ಖರೆ. ಕದ್ದು ಒರಸಬ್ಯಾಡ್ರಿ. ಎಲ್ಲೈತಿ ಅಂತ ಹೇಳ್ರಿ, ಸಾಕು."

ಅಂದಿನಿಂದ ನಾನು ಕಟ್ಟೆಯ ಮೇಲೆ ಕೂತು ಹೇಳುತ್ತೇನೆ: "ಕಾಕಾ, ಎಡಕ್ಕ! ಇನ್ನೂ ಸ್ವಲ್ಪ ಕೆಳಗ!" ಕಲೆ ಉಳಿಯುವುದಿಲ್ಲ. ಸಾಬರು ಮಾತ್ರ ನಗುತ್ತಾರೆ: "ಲಾರಿ ಹಿಂದಕ್ಕ ತಗೊಳ್ಳಾಗ ನಮ್ಮ ಕ್ಲೀನರನೂ ಇಷ್ಟು ಜೋರ ಒದರತಿದ್ದಿಲ್ರಿ, ಬಾಯಾರ!"