ಬಸರೀಕಟ್ಟೆ ಬಸ್ಸಿನಲ್ಲಿ ಹೋಗುವ ಗ್ರಂಥಾಲಯ

ಮೊದಲೇ ಓದುಗರ ಕ್ಷಮೆ ಕೇಳಿಬಿಡುತ್ತೇನೆ. ವಿಶ್ವವಿದ್ಯಾಲಯದ ಗ್ರಂಥಾಲಯದ ಬಗ್ಗೆ ಬರೆಯಲು ನಾನು ತಕ್ಕವನಲ್ಲ. ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ. ನಮ್ಮ ತರಗತಿ ಶುರುವಾಗುವ ಹೊತ್ತಿಗೆ ಗ್ರಂಥಾಲಯದ ಬಾಗಿಲಿಗೆ ಬೀಗ ಬಿದ್ದಿರುತ್ತಿತ್ತು. ಇಲ್ಲಿ ಬರುವ ಸಾಫ್ಟ್‌ವೇರ್ ವಿಚಾರವನ್ನೆಲ್ಲ ಕೇಳಿ ಬರೆದುಕೊಂಡಿದ್ದೇನೆ. ಅದರಲ್ಲಿ ತಪ್ಪು ಕಂಡರೆ ಅದು ಬರೆದುಕೊಂಡವನದು, ಹೇಳಿದವರದಲ್ಲ. ಈ ಪುಸ್ತಕಗಳನ್ನು ಬಸ್ಸಿಗೆ ಹತ್ತಿಸುವ ವನಮಾಲಾ ಅವರ ಬಗ್ಗೆ ಬೇರೆ ಯಾರಾದರೂ ಬರೆದಿದ್ದಾರೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಬಲ್ಲವರು ಬರೆಯುವ ತನಕ ಇದು ಇರಲಿ.

ಬೆಳಗಿನ ಆರೂವರೆ. ಕೊಪ್ಪದ ಬಸ್ ನಿಲ್ದಾಣದಲ್ಲಿ ಮಂಜು ಇನ್ನೂ ಕರಗಿಲ್ಲ. ಸ್ವೆಟರಿನ ಮೇಲೆ ಶಾಲು ಹೊದ್ದ ಹೆಂಗಸೊಬ್ಬರು ಎರಡು ಕೈಯಲ್ಲೂ ಚೀಲ ಹಿಡಿದು, ಬಸರೀಕಟ್ಟೆಗೆ ಹೊರಟ ಖಾಸಗಿ ಬಸ್ಸಿನ ಮುಂಬಾಗಿಲ ಹತ್ತಿರ ನಿಂತಿದ್ದಾರೆ. ಚೀಲದಲ್ಲಿರುವುದು ಪುಸ್ತಕ. ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮೇಲೆ ಹೆಸರಿನ ಚೀಟಿ ಅಂಟಿಸಿದ್ದಾರೆ. ಎಂಜಿನ್ ಪಕ್ಕದ ಜಾಗದಲ್ಲಿ ಆಗಲೇ ಯಾರದೋ ಔಷಧಿಯ ಪೊಟ್ಟಣ, ಯಾರದೋ ಪಂಪ್‌ಸೆಟ್ಟಿನ ಬಿಡಿಭಾಗ, ಒಂದು ಬುಟ್ಟಿ ಹೂವು ಕುಳಿತಿವೆ. ಈ ಕಡೆ ಬಸ್ಸಿನಲ್ಲಿ ಸಾಮಾನು ಕಳಿಸುವುದು ಹೊಸತೇನಲ್ಲ. ವಿಶ್ವವಿದ್ಯಾಲಯದ ಪುಸ್ತಕ ಹೋಗುವುದು ಮಾತ್ರ ಹೊಸತು.

ಕಂಡಕ್ಟರ್ ಸಂತೋಷ ಚೀಲವನ್ನು ಎತ್ತಿ ನೋಡಿ ತೂಕ ಅಂದಾಜು ಮಾಡುತ್ತಾನೆ. "ಎಂತ ವನಮಾಲಕ್ಕ, ಇವತ್ತು ಭಾರ ಜಾಸ್ತಿ ಇದ್ಯಲ್ಲ. ಅರ್ಧ ಟಿಕೆಟಾದ್ರೂ ತಗೊಳ್ಳಿ."

"ನೀನು ದಾರೀಲಿ ಒಂದು ಪುಟ ಓದು ಮಾರಾಯ, ಪೂರ್ತಿ ಟಿಕೆಟ್ ತಗೊಳ್ತೀನಿ," ಎನ್ನುತ್ತಾರೆ ವನಮಾಲಾ.

ಸಂತೋಷ ಸೀಟಿ ಊದುತ್ತಾನೆ. ಬಸ್ಸು ಜಯಪುರದ ರಸ್ತೆಗೆ ತಿರುಗುವ ತನಕ ನೋಡಿ, ವನಮಾಲಾ ಗ್ರಂಥಾಲಯಕ್ಕೆ ಮರಳಿ ನಡೆಯುತ್ತಾರೆ.

ಅವರು ಕೆಲಸ ಮಾಡುವುದು ಕೊಪ್ಪದಲ್ಲಿರುವ ಒಂದು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ, ಗ್ರಂಥಾಲಯ ಸಹಾಯಕಿಯಾಗಿ. ಇಲ್ಲಿ ಎಂ.ಎ. ತರಗತಿಗಳು ನಡೆಯುವುದು ಶನಿವಾರ, ಭಾನುವಾರ ಮಾತ್ರ. ಓದುವವರು ವಾರವೆಲ್ಲ ಬೇರೆ ಕೆಲಸದಲ್ಲಿರುತ್ತಾರೆ. ಎಸ್ಟೇಟಿನ ಕಚೇರಿ, ಸೊಸೈಟಿ, ಅಂಗನವಾಡಿ, ಖಾಸಗಿ ಶಾಲೆ, ಹೀಗೆ. ಬುಧವಾರ ಒಂದು ಪುಸ್ತಕ ಬೇಕಾಯಿತು ಎಂದು ಬಸರೀಕಟ್ಟೆಯಿಂದ ಕೊಪ್ಪಕ್ಕೆ ಬಂದು ಹೋಗಲು ಅವರಿಗೆ ಆಗುವುದಿಲ್ಲ. ಆದ್ದರಿಂದ ಪುಸ್ತಕವೇ ಹೋಗುತ್ತದೆ. ವಾರದ ದಿನಗಳಲ್ಲಿ ದಿನಕ್ಕೆ ಹತ್ತು ಹನ್ನೆರಡು, ಪರೀಕ್ಷೆ ಹತ್ತಿರ ಬಂದರೆ ಇಪ್ಪತ್ತರ ಮೇಲೆ. ಈ ಏರ್ಪಾಡಿಗೆ ಈಗ ಸಿಕ್ಕಿರುವ ಅನುಮತಿ ಈ ಸಲದ ಪರೀಕ್ಷೆ ಮುಗಿಯುವವರೆಗೆ ಮಾತ್ರ. ಆಮೇಲೆ ಇರಬೇಕೋ ಬೇಡವೋ ಎಂಬುದನ್ನು ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ತೀರ್ಮಾನಿಸಬೇಕು. ನಡುವೆ ಒಮ್ಮೆ ಅದು ನಿಂತೂ ಹೋಗಿತ್ತು. ನಿಂತದ್ದು ವನಮಾಲಾ ಅವರ ಕೈಯಿಂದಲೇ. ಇದನ್ನು ಬರೆಯಬಹುದೇ ಎಂದು ನಾನು ಹಿಂಜರಿಯುತ್ತ ಕೇಳಿದೆ. "ಬರೀರಿ. ಅದು ಬಿಟ್ಟು ಬರೆದ್ರೆ ಉಳಿದಿದ್ದು ಸುಳ್ಳಾಗುತ್ತೆ," ಎಂದರು.

ವನಮಾಲಾ ಅವರ ತವರು ನರಸಿಂಹರಾಜಪುರದ ಹತ್ತಿರ. ಪಿಯುಸಿ ಮುಗಿಸಿ, ಕೊಪ್ಪಕ್ಕೆ ಮದುವೆಯಾಗಿ ಬಂದು, ದಿನಗೂಲಿಯ ಮೇಲೆ ಇದೇ ಗ್ರಂಥಾಲಯದಲ್ಲಿ ಧೂಳು ಒರೆಸುವ ಕೆಲಸಕ್ಕೆ ಸೇರಿದರು. ಕಪಾಟುಗಳ ನಡುವೆ ಓಡಾಡುತ್ತ ಯಾವ ವಿಷಯ ಎಲ್ಲಿದೆ ಎಂದು ಕಲಿತರು. ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸನ್ನು ಅಂಚೆ ಮೂಲಕ ಓದಿ, ಒಮ್ಮೆ ಫೇಲಾಗಿ, ಮರುವರ್ಷ ಪಾಸು ಮಾಡಿದರು. ಕೆಲಸ ಕಾಯಂ ಆಗಲು ಬಹಳ ಕಾಲ ಹಿಡಿಯಿತು. ಆ ವರ್ಷಗಳ ಬಗ್ಗೆ ಕೇಳಿದರೆ, ಬೇಸಿಗೆ ರಜೆಯಲ್ಲಿ ಕೂಲಿ ಇರುತ್ತಿರಲಿಲ್ಲ, ಆಗ ಮನೆಯಲ್ಲಿ ಹಪ್ಪಳ ಮಾಡಿ ಮಾರುತ್ತಿದ್ದೆ ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ. ಅವರು ಹೆಚ್ಚು ಮಾತಾಡುವುದು ತಮಗೆ ಕೆಲಸ ಕಲಿಸಿದ ಹಿಂದಿನ ಗ್ರಂಥಪಾಲಕರ ಬಗ್ಗೆ. ಆ ಹಿರಿಯರು ಹಾಕಿಕೊಟ್ಟ ನಿಯಮ ಒಂದೇ: ಯಾರ ಹೆಸರಿಗೆ ಎಂದು ದಾಖಲಾಗದೆ ಪುಸ್ತಕ ಹೊಸಿಲು ದಾಟಬಾರದು.

ಬಸ್ಸಿನಲ್ಲಿ ಪುಸ್ತಕ ಕಳಿಸುವುದು ಶುರುವಾದಾಗಲೂ ವನಮಾಲಾ ಈ ನಿಯಮ ಮೀರಲಿಲ್ಲ. ವಿದ್ಯಾರ್ಥಿ ಫೋನು ಮಾಡಿ ಕೇಳುತ್ತಿದ್ದರು, ಇವರು ಅವರ ಹೆಸರಿಗೆ ಬರೆದುಕೊಂಡು ಬಸ್ಸಿಗೆ ಹಾಕುತ್ತಿದ್ದರು. ಬಸರೀಕಟ್ಟೆ ನಿಲ್ದಾಣದ ಎದುರಿಗೆ ಯಲ್ಲಕ್ಕ ಎಂಬವರ ಚಹಾದಂಗಡಿ ಇದೆ. ಚೀಲ ಅಲ್ಲಿ ಇಳಿಯುತ್ತಿತ್ತು. ಎಸ್ಟೇಟಿನ ಜೀಪುಗಳು ಜನರನ್ನು ಇಳಿಸಿ ಹತ್ತಿಸುವ ಜಾಗವೂ ಅದೇ. ಬೇಕಾದವರು ಬಂದು ಒಯ್ಯುತ್ತಿದ್ದರು.

ಎರಡು ವರ್ಷದ ಹಿಂದೆ ಹೊಸ ಸಾಫ್ಟ್‌ವೇರ್ ಬಂತು. ಅದರಿಂದ ಒಳ್ಳೆಯದೇ ಆಯಿತು ಎಂದು ವನಮಾಲಾ ಒತ್ತಿ ಹೇಳುತ್ತಾರೆ. ಪುಸ್ತಕ ಕಪಾಟಿನಲ್ಲಿದೆಯೇ ಎಂದು ಮನೆಯಿಂದಲೇ ನೋಡಬಹುದು, ಅವಧಿ ವಿಸ್ತರಿಸಿಕೊಳ್ಳಬಹುದು, ಸಾವಿರಾರು ಪತ್ರಿಕೆಗಳ ಲೇಖನಗಳನ್ನು ಫೋನಿನಲ್ಲೇ ಓದಬಹುದು. ಅವರು ಅದನ್ನು ಕಲಿತದ್ದು ಗ್ರಂಥಪಾಲಕ ರೇಣುಕಾಪ್ರಸಾದ್ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು. ಬಾಳೆಹೊನ್ನೂರಿನ ಕಡೆಯವರಾದ ರೇಣುಕಾಪ್ರಸಾದ್ ಇವರಿಗಿಂತ ಕಿರಿಯರು. "ಮೊದಲ ವಾರ ನನ್ನನ್ನ ಒಂದೇ ಪ್ರಶ್ನೆ ಎಷ್ಟು ಸಲ ಕೇಳಿದ್ರು ಅಂದ್ರೆ, ನಂಗೆ ಉತ್ತರ ಮರೆತುಹೋಯ್ತು," ಎಂದು ರೇಣುಕಾಪ್ರಸಾದ್ ನಗುತ್ತಾರೆ.

ತೊಡಕಾದದ್ದು ಒಂದೇ ಕಡೆ. ಪುಸ್ತಕ ಕೊಡುವಾಗ ವಿದ್ಯಾರ್ಥಿಯ ಮೊಬೈಲಿಗೆ ಒಟಿಪಿ ಹೋಗುತ್ತದೆ. ಅದನ್ನು ಹತ್ತು ನಿಮಿಷದೊಳಗೆ ಇಲ್ಲಿ ಒತ್ತಿದರೆ ಮಾತ್ರ ಪುಸ್ತಕ ಅವರ ಹೆಸರಿಗೆ ಬೀಳುತ್ತದೆ. ಬೆಳಿಗ್ಗೆ ಆರಕ್ಕೆ ಎಸ್ಟೇಟಿನ ಒಳಗಿರುವ ಮನೆಗಳಲ್ಲಿ ಸಿಗ್ನಲ್ ಇರುವುದಿಲ್ಲ. ಒಟಿಪಿ ತಲುಪುವ ಹೊತ್ತಿಗೆ ಅದರ ಆಯುಸ್ಸು ಮುಗಿದಿರುತ್ತದೆ, ಬಸ್ಸೂ ಹೋಗಿರುತ್ತದೆ. ದಾಖಲಾಗದೆ ಪುಸ್ತಕ ಕಳಿಸಲು ವನಮಾಲಾ ಅವರ ಮನಸ್ಸು ಒಪ್ಪಲಿಲ್ಲ. ಕಳಿಸದೆ ಇರಲೂ ಒಪ್ಪಲಿಲ್ಲ. ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಿ, ಒಪ್ಪಿದವರ ಖಾತೆಯಲ್ಲಿ ಅವರ ಮೊಬೈಲ್ ಸಂಖ್ಯೆ ತೆಗೆದು ತಮ್ಮದನ್ನು ಹಾಕಿದರು. ಒಟಿಪಿ ಇವರ ಫೋನಿಗೇ ಬರತೊಡಗಿತು. ಒತ್ತಿದರು, ಕಳಿಸಿದರು. ನಿಯಮವೂ ಉಳಿಯಿತು, ಬಸ್ಸೂ ಸಿಕ್ಕಿತು. ಇದನ್ನು ರೇಣುಕಾಪ್ರಸಾದ್ ಅವರಿಗೆ ಹೇಳಬೇಕು ಎಂದು ಅವರಿಗೆ ಹೊಳೆಯಲೇ ಇಲ್ಲವಂತೆ. ಅಷ್ಟು ಸರಿಯಾಗಿ ಎಲ್ಲ ನಡೆಯುತ್ತಿತ್ತು.

ಕಳೆದ ವರ್ಷದ ಕೊನೆಯಲ್ಲಿ ಒಂದು ಬೆಳಿಗ್ಗೆ ಯಾವ ಖಾತೆಯೂ ತೆರೆಯಲಿಲ್ಲ. ಮೂವತ್ತಕ್ಕೂ ಹೆಚ್ಚು ಹೆಸರುಗಳ ಹಿಂದೆ ಒಂದೇ ಮೊಬೈಲ್ ಇರುವುದನ್ನು ಸಾಫ್ಟ್‌ವೇರ್ ಗಮನಿಸಿತ್ತು. ಯಾರೋ ಒಬ್ಬರು ಹಲವು ಸುಳ್ಳು ಹೆಸರಿನಲ್ಲಿ ಪುಸ್ತಕ ಎತ್ತುತ್ತಿದ್ದಾರೆ ಎಂದು ಲೆಕ್ಕ ಹಾಕಿ ಎಲ್ಲವನ್ನೂ ಮುಚ್ಚಿತ್ತು. ಮಧ್ಯಾಹ್ನದೊಳಗೆ ಕೇಂದ್ರ ಕಚೇರಿಯಿಂದ ಸೂಚನೆ ಬಂತು. ವಿಚಾರಣೆ ಮುಗಿಯುವ ತನಕ ಬಸ್ಸಿನಲ್ಲಿ ಪುಸ್ತಕ ಕಳಿಸುವಂತಿಲ್ಲ.

ಇದರ ಪೆಟ್ಟು ಮೊದಲು ಬಿದ್ದದ್ದು ಭವ್ಯ ಎಂಬ ವಿದ್ಯಾರ್ಥಿನಿಗೆ. ಬಸರೀಕಟ್ಟೆಯ ಹತ್ತಿರದ ಎಸ್ಟೇಟಿನ ಕಚೇರಿಯಲ್ಲಿ ಹಾಜರಿ ಬರೆಯುವ ಭವ್ಯ ಅರ್ಥಶಾಸ್ತ್ರದ ಕೊನೆಯ ವರ್ಷದಲ್ಲಿದ್ದರು. ಎಸ್ಟೇಟಿಗೆ ಹೊರಗಿನಿಂದ ಬರುವ ಕೆಲಸಗಾರರ ಮೇಲೆ ಅವರು ಬರೆದ ಕಿರುಪ್ರಬಂಧ ಸಿದ್ಧವಾಗಿತ್ತು. ಅದು ನಕಲಲ್ಲ ಎಂಬ ತಪಾಸಣೆ ಆಗಬೇಕಾದದ್ದು ಗ್ರಂಥಾಲಯದ ಖಾತೆಯ ಮೂಲಕವೇ. ಖಾತೆ ಮುಚ್ಚಿತ್ತು. ಸಲ್ಲಿಸಲು ಒಂದು ವಾರವಷ್ಟೇ ಉಳಿದಿತ್ತು. ತಪ್ಪಿದರೆ ಪದವಿ ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತು.

ವನಮಾಲಾ ರೇಣುಕಾಪ್ರಸಾದ್ ಅವರ ಮೇಜಿನ ಮುಂದೆ ನಿಂತು ನಡೆದದ್ದೆಲ್ಲ ಹೇಳಿದರು. ರೇಣುಕಾಪ್ರಸಾದ್ ಬೈದರು. ಬೈದದ್ದನ್ನು ಇಬ್ಬರೂ ಒಪ್ಪುತ್ತಾರೆ. ಬೇರೆಯವರ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದ ಹಾಗಾಯಿತು ಎಂದರಂತೆ. ಆಮೇಲೆ ಕೇಂದ್ರ ಕಚೇರಿಗೆ ಬರೆದ ವಿವರಣೆಯಲ್ಲಿ ವನಮಾಲಾ ಅವರ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ಖಾತೆಗಳನ್ನು ತೆರೆಯಲು ಕಚೇರಿ ಒಪ್ಪಿತು, ಒಂದು ಷರತ್ತಿನ ಮೇಲೆ. ಪ್ರತಿಯೊಬ್ಬರೂ ತಮ್ಮ ಸ್ವಂತ ಫೋನು ಕೈಯಲ್ಲಿ ಹಿಡಿದು, ಗ್ರಂಥಾಲಯದ ಸಿಬ್ಬಂದಿಯ ಎದುರಿಗೆ ನಿಂತು, ಸಂಖ್ಯೆ ಸರಿಪಡಿಸಿಕೊಳ್ಳಬೇಕು.

ಅಷ್ಟು ಜನರನ್ನು ಕೊಪ್ಪಕ್ಕೆ ಕರೆಸುವ ಬದಲು ವನಮಾಲಾ ರಜೆ ಹಾಕಿ, ಗ್ರಂಥಾಲಯದ ಲ್ಯಾಪ್‌ಟಾಪ್ ಹಿಡಿದು ಸಂತೋಷನ ಬಸ್ಸು ಹತ್ತಿದರು. ಪುಸ್ತಕ ಏಕೆ ಬರುತ್ತಿಲ್ಲ ಎಂದು ದಾರಿಯಲ್ಲಿ ಅವನು ಕೇಳಿದ. ಅವರು ವಿವರಿಸಿದರು. ಟಿಕೆಟ್ ಮೆಷಿನ್ ಒತ್ತುತ್ತಲೇ ಅವನು ಹೇಳಿದ ಮಾತು ಅವರಿಗೆ ಹಾಗೇ ನೆನಪಿದೆ.

"ಅಲ್ಲ ಮಾರಾಯ್ರೆ, ನಾವು ಜನ ಹತ್ತಿದ ಮೇಲೆ ಟಿಕೆಟ್ ಕೊಡ್ತೀವಿ. ನೀವು ಜನ ಮನೇಲಿ ಮಲಗಿರುವಾಗಲೇ ಕೊಡ್ಲಿಕ್ಕೆ ಹೋಗ್ತೀರಲ್ಲ."

ವನಮಾಲಾ ಬಸರೀಕಟ್ಟೆಯಲ್ಲಿ ಇಳಿದು ಯಲ್ಲಕ್ಕನ ಅಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಗಿರಾಕಿಗಳು ಚಹಾದ ಹಣವನ್ನು ಫೋನಿನಲ್ಲಿ ಕಳಿಸುತ್ತಿದ್ದರು, ಹಣ ಬಂದಿದೆ ಎಂದು ಸ್ಪೀಕರ್ ಡಬ್ಬಿ ಕೂಗುತ್ತಿತ್ತು. ಸಿಗ್ನಲ್ ಇಲ್ಲಿ ಚೆನ್ನಾಗಿಯೇ ಇತ್ತು. ಭವ್ಯ ಮೊದಲು ಬಂದರು. ಒಟಿಪಿ ಕೂಡಲೇ ಅವರ ಫೋನಿಗೆ ಬಂತು, ಖಾತೆ ತೆರೆಯಿತು. ಅಲ್ಲೇ ಕೂತು ಪ್ರಬಂಧವನ್ನು ತಪಾಸಣೆಗೆ ಹಾಕಿದರು. ಫಲಿತಾಂಶ ಬರುವ ತನಕ ಇಬ್ಬರೂ ಚಹಾ ಕುಡಿಯಲಿಲ್ಲ, ಎರಡು ಲೋಟ ಆರಿಹೋಯಿತು ಎಂದು ಯಲ್ಲಕ್ಕ ಈಗಲೂ ಹೇಳುತ್ತಾರೆ. ತಪಾಸಣೆ ಸರಿಯಾಗಿ ಮುಗಿಯಿತು.

"ನಮ್ಮೆಲ್ಲರ ಹೆಸರಲ್ಲೂ ಓದಿದ್ದು ನೀವೇ ಅಂತಲ್ವಾ ಅಕ್ಕ ಆ ಸಾಫ್ಟ್‌ವೇರು ತಿಳ್ಕೊಂಡಿದ್ದು," ಎಂದು ಭವ್ಯ ಛೇಡಿಸಿದರು. "ಎಂ.ಎ. ನಿಮಗೇ ಕೊಟ್ಟುಬಿಡ್ಬೇಕಿತ್ತು."

ಸಂಜೆ ಮರಳುವ ಬಸ್ಸಿನಲ್ಲಿ ಕಂಡಕ್ಟರನ ಮಾತು ವನಮಾಲಾ ಅವರ ತಲೆಯಲ್ಲಿ ಸುತ್ತುತ್ತಿತ್ತು. ಪುಸ್ತಕವನ್ನು ಕೊಪ್ಪದಲ್ಲೇ ವಿದ್ಯಾರ್ಥಿಯ ಹೆಸರಿಗೆ ಹಾಕಬೇಕೆಂದು ತಾವು ಹಟ ಹಿಡಿದದ್ದು ಏಕೆ? ಬಸರೀಕಟ್ಟೆಯಲ್ಲಿ ಪುಸ್ತಕ ಕೈಗೆ ಸಿಕ್ಕ ಮೇಲೆ ಹಾಕಲು ಬರುತ್ತದೆಯೇ ಎಂದು ಮರುದಿನ ರೇಣುಕಾಪ್ರಸಾದ್ ಅವರನ್ನು ಕೇಳಿದರು. ಒಂದು ಗ್ರಂಥಾಲಯದಿಂದ ಅದರ ಶಾಖೆಗೆ ಪುಸ್ತಕ ಕಳಿಸುವ ದಾರಿ ಸಾಫ್ಟ್‌ವೇರಿನಲ್ಲಿ ಮೊದಲಿನಿಂದಲೂ ಇತ್ತು. ಈ ಕೇಂದ್ರಕ್ಕೆ ಶಾಖೆಯೇ ಇಲ್ಲದ್ದರಿಂದ ಯಾರೂ ಆ ಕಡೆ ನೋಡಿರಲಿಲ್ಲ. ರೇಣುಕಾಪ್ರಸಾದ್ ಕೇಂದ್ರ ಕಚೇರಿಯವರೊಂದಿಗೆ ಮತ್ತೆ ಮತ್ತೆ ಮಾತಾಡಿದರು. ಕೊನೆಗೆ ಯಲ್ಲಕ್ಕನ ಅಂಗಡಿಯ ಒಂದು ಗೋಡೆಗಪಾಟು ವಿಶ್ವವಿದ್ಯಾಲಯದ ಗಣಕದಲ್ಲಿ ಗ್ರಂಥಾಲಯದ ಶಾಖೆಯಾಗಿ ದಾಖಲಾಯಿತು, ತಾತ್ಕಾಲಿಕವಾಗಿ. ಈಗ ಪುಸ್ತಕ ಕೊಪ್ಪದ ಹೊಸಿಲು ದಾಟುವಾಗ ಆ ಕಪಾಟಿನ ಹೆಸರಿಗೆ ದಾಖಲಾಗುತ್ತದೆ. ವಿದ್ಯಾರ್ಥಿ ಅಂಗಡಿಗೆ ಬಂದು ತಮ್ಮ ಫೋನಿನಲ್ಲಿ ಪುಸ್ತಕದ ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಒಟಿಪಿ ಒತ್ತಿ, ತಮ್ಮ ಹೆಸರಿಗೆ ತೆಗೆದುಕೊಳ್ಳುತ್ತಾರೆ.

ನಾನೂ ಒಂದು ದಿನ ಬಸರೀಕಟ್ಟೆಗೆ ಹೋದೆ. ಕೇಳಿದ್ದನ್ನು ಕಣ್ಣಾರೆ ನೋಡದೆ ಬರೆಯಲು ಧೈರ್ಯವಾಗಲಿಲ್ಲ. ಬಿಸ್ಕತ್ತಿನ ಡಬ್ಬಿಗಳ ಪಕ್ಕದಲ್ಲಿ ಅಂಕಿಅಂಶ ಶಾಸ್ತ್ರ, ಅದರ ಪಕ್ಕ ಕನ್ನಡ ಛಂದಸ್ಸು. ಯಲ್ಲಕ್ಕ ಚಿಕ್ಕವರಿದ್ದಾಗ ಹಾನಗಲ್ ಕಡೆಯಿಂದ ಎಸ್ಟೇಟ್ ಕೆಲಸಕ್ಕೆ ಬಂದವರು, ಮಾತಿನಲ್ಲಿ ಆ ಕಡೆಯ ಸೊಗಡು ಹೋಗಿಲ್ಲ. ಒದ್ದೆ ಕೈಯಲ್ಲಿ ಪುಸ್ತಕ ಮುಟ್ಟಲು ಬಂದವರನ್ನು ಅವರು ಗದರಿಸುವುದನ್ನು ಕೇಳಿದೆ. "ಕೈ ಒರಸ್ಕೊಂಡು ಬಾ. ಅದು ಸರಕಾರದ ಬುಕ್ಕೈತಿ, ನಿನ್ನ ಬನ್ನಲ್ಲ."

ಭವ್ಯ ಪಾಸಾಗಿದ್ದಾರೆ. ಎಸ್ಟೇಟಿನ ಕಚೇರಿಯಲ್ಲೇ ಇದ್ದಾರೆ, ಉಪನ್ಯಾಸಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಾರೆ. ಪುಸ್ತಕ ಅದೇ ಕಪಾಟಿನಿಂದ. ಅವರ ಜೊತೆ ಕೆಲಸ ಮಾಡುವ ಇಬ್ಬರು ಈ ವರ್ಷ ಎಂ.ಎ.ಗೆ ಸೇರಿದ್ದಾರೆ.

ಈ ಕೆಲಸ ಯಾರಿಗೂ ಕಾಣುವುದಿಲ್ಲ ಎಂದು ಬೇಸರವಿಲ್ಲವೇ ಎಂದು ವನಮಾಲಾ ಅವರನ್ನು ಕೇಳಿದೆ. ಪ್ರಶ್ನೆ ಅವರಿಗೆ ಹಿಡಿಸಲಿಲ್ಲ. ಹಿಂದಿರುಗಿ ಬಂದ ಪುಸ್ತಕಗಳ ಪ್ಲಾಸ್ಟಿಕ್ ಬಿಚ್ಚಿ, ಒರೆಸಿ, ಮರುದಿನಕ್ಕೆಂದು ಮಡಚಿಡುತ್ತಿದ್ದರು. "ಕಾಣ್ಬೇಕಾದ್ದು ಪುಸ್ತಕ. ಅದು ಹೋಗಿ ಬರ್ತಾ ಇದೆ. ನನ್ನ ಕೈಲಿ ಒಂದು ತಪ್ಪಾಗಿ ನಿಂತಿತ್ತು, ಈಗ ಅವರವರ ಫೋನಲ್ಲೇ ನಡೀತಿದೆ. ನಾನು ನಾಳೆ ರಜಾ ಹಾಕಿದ್ರೂ ನಡೀತದೆ. ಅಷ್ಟು ಸಾಕಲ್ಲ," ಎಂದರು.

ಪರೀಕ್ಷೆ ಮುಗಿದ ಮೇಲೆ ಅನುಮತಿ ಮುಂದುವರಿಯುತ್ತದೆಯೇ ಎಂದು ಕೇಂದ್ರ ಕಚೇರಿಗೆ ಫೋನು ಮಾಡಿದೆ. ಇನ್ನೂ ತೀರ್ಮಾನವಾಗಿಲ್ಲ ಎಂದರು. ಗ್ರಂಥಾಲಯದ ಬಾಗಿಲಿನಲ್ಲಿ ಒಳಗೆ ಬಂದವರನ್ನು ಎಣಿಸುವ ಯಂತ್ರವಿದೆ, ಗ್ರಂಥಾಲಯ ಎಷ್ಟು ಬಳಕೆಯಾಗುತ್ತಿದೆ ಎಂದು ಕಚೇರಿ ಅಳೆಯುವುದು ಅದರಿಂದ. ಚಹಾದಂಗಡಿಗೆ ಬಂದು ಪುಸ್ತಕ ಒಯ್ದವರನ್ನೂ ಆ ಎಣಿಕೆಗೆ ಸೇರಿಸಬೇಕೇ ಎಂಬ ಚರ್ಚೆ ನಡೆದಿದೆಯಂತೆ. ಸೇರಿಸುತ್ತಾರೆ ಎಂದು ರೇಣುಕಾಪ್ರಸಾದ್ ನಂಬಿದ್ದಾರೆ. ನನಗೆ ಗೊತ್ತಿಲ್ಲ.

ವನಮಾಲಾ ಅದಕ್ಕಾಗಿ ಕಾಯುತ್ತ ಕೂತಿಲ್ಲ. ಶೃಂಗೇರಿಯ ಆಚೆ ಕಿಗ್ಗದಿಂದ ಬರುವ ವಿದ್ಯಾರ್ಥಿಗಳು ತಮಗೂ ಒಂದು ಕಪಾಟು ಬೇಕೆಂದು ಕೇಳಿದ್ದಾರೆ. ಮುಂದಿನ ರಜಾ ದಿನ ವನಮಾಲಾ ಫೋನು ಹಿಡಿದು ಅಲ್ಲಿಗೆ ಹೋಗುತ್ತಾರಂತೆ, ಅಂಗಡಿಯಿಂದ ಅಂಗಡಿಗೆ ನಡೆದು ನೋಡಲು. ಕಿಗ್ಗದಲ್ಲಿ ಯಾವ ಬಾಗಿಲ ಮುಂದೆ ನಿಂತರೆ ಹತ್ತು ನಿಮಿಷದೊಳಗೆ ಒಟಿಪಿ ಬರುತ್ತದೆ ಎಂಬುದು ಸದ್ಯಕ್ಕೆ ಅವರಿಗೂ ಗೊತ್ತಿಲ್ಲ.